ಕೆರೆ ಲೇಖನದ ತಕರಾರು ಬೇರೆ, ಮನೆ ವಿಳಾಸದ ವಿಷಯ ಬೇರೆ

ನಮಸ್ಕಾರ ಮೇಡಂ. ನಿಮ್ಮ ಬಡಾವಣೆಯ ಕೆರೆ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆದಿರಿ, ಒಬ್ಬರು ಆಧಾರ ಇಲ್ಲ ಅಂತ ಅಳಿಸಿದರು, ನೀವು ವಾಪಸ್ ಹಾಕಿದಿರಿ, ಅವರು ಮತ್ತೆ ಅಳಿಸಿದರು. ಅಷ್ಟಕ್ಕೇ ನಿಲ್ಲಿಸದೆ ನಿಮ್ಮ ಚರ್ಚೆಪುಟಕ್ಕೆ ಬಂದು, ನೀವು ಇಂಥಾ ಅಪಾರ್ಟ್‌ಮೆಂಟಿನವರು, ಕೆರೆ ಸಮಿತಿ ಪರವಾಗಿ ಬರೀತಿದ್ದೀರಿ ಅಂತ ಕಟ್ಟಡದ ಹೆಸರು ಸಮೇತ ಬರೆದರು. ವಿಕಿಯ ಸಾರ್ವಜನಿಕ ಚರ್ಚೆಯ ಜಾಗವಾದ ಅರಳಿಕಟ್ಟೆಯಲ್ಲಿ ದೂರು ಹಾಕಲೇ ಅಂತ ಕೇಳಿದ್ದೀರಿ.

ಸದ್ಯಕ್ಕೆ ಹಾಕಬೇಡಿ. ಅರಳಿಕಟ್ಟೆ ಎಲ್ಲರೂ ಓದೋ ಪುಟ. ನನ್ನ ವಿಳಾಸ ಬಯಲು ಮಾಡಿದ್ದಾರೆ ನೋಡಿ ಅಂತ ಅಲ್ಲಿ ಕೊಂಡಿ ಕೊಟ್ಟರೆ, ನಾಲ್ಕು ಜನಕ್ಕೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಾಗುತ್ತೆ. ಹಾಗೇ ನಿಮ್ಮ ಪ್ರಶ್ನೆ ಜೊತೆ ಈ ಗುಂಪಿನಲ್ಲಿ ಹಾಕಿರೋ ಸ್ಕ್ರೀನ್‌ಶಾಟ್ ಈಗಲೇ ಅಳಿಸಿ, ಅದರಲ್ಲೂ ಕಟ್ಟಡದ ಹೆಸರು ಸ್ಪಷ್ಟವಾಗಿ ಕಾಣ್ತಿದೆ. ಲೇಖನದ ತಕರಾರು ಬಯಲಲ್ಲಿ ಬಗೆಹರಿಯಬೇಕು. ವಿಳಾಸದ ವಿಷಯ ಖಾಸಗಿಯಾಗಿ, ಅದೂ ಮೊದಲು ಮುಗಿಯಬೇಕು. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಿದರೆ ಓದೋರು ಕೆರೆ ಯಾರು ಕಟ್ಟಿಸಿದ್ದು ಅಂತ ವಾದಕ್ಕಿಳೀತಾರೆ, ವಿಳಾಸ ಅಲ್ಲೇ ಉಳಿಯುತ್ತೆ.

ಆ ಸಾಲಿಗೆ ಉತ್ತರ ಕೊಡಬೇಡಿ. ಹೌದು ಅನ್ನೋದೂ ಬೇಡ, ಅಲ್ಲ ಅನ್ನೋದೂ ಬೇಡ. ನಿಮ್ಮ ಚರ್ಚೆಪುಟದಿಂದ ಅದನ್ನ ತೆಗೆಯಬಹುದು, ಆದರೆ ಸಂಪಾದನೆಯ ಸಾರಾಂಶದಲ್ಲಿ 'ನನ್ನ ಮನೆ ವಿಳಾಸ ತೆಗೆದೆ' ಅಂತ ಬರೆದುಬಿಡಬೇಡಿ. 'ಸ್ವಚ್ಛತೆ' ಅಂದರೆ ಸಾಕು. ತೆಗೆದ ಮೇಲೂ ಪುಟದ ಇತಿಹಾಸದಲ್ಲಿ ಯಾರು ಬೇಕಾದರೂ ಹಳೆಯ ಆವೃತ್ತಿ ತೆರೆದು ಓದಬಹುದು. ನಿರ್ವಾಹಕರೊಬ್ಬರು (ಅಡ್ಮಿನ್) ಆ ಆವೃತ್ತಿಯನ್ನ ಮರೆಮಾಡಿದರೆ ಸಾರ್ವಜನಿಕರಿಗೆ ಕಾಣಲ್ಲ, ಉಳಿದ ನಿರ್ವಾಹಕರಿಗೆ ಕಾಣುತ್ತೆ. ಅವರಿಗೂ ಕಾಣದ ಹಾಗೆ ಅಡಗಿಸೋ ಅಧಿಕಾರ ಇರೋರನ್ನ ಓವರ್‌ಸೈಟರ್ ಅಂತಾರೆ. ಅಂಥವರು ಇಲ್ಲದ ನಮ್ಮಂಥ ಸಣ್ಣ ವಿಕಿಗಳಲ್ಲಿ ಆ ಕೆಲಸ ಸ್ಟೀವರ್ಡ್‌ಗಳದ್ದು, ಅಂದರೆ ಎಲ್ಲಾ ವಿಕಿಗಳಲ್ಲೂ ಅಧಿಕಾರ ಇರೋರದ್ದು. ಅವರಿಗೆ ಇಮೇಲ್ ಮಾಡಿ. ಇತಿಹಾಸದ ಪುಟದಲ್ಲಿ ಆ ಸಂಪಾದನೆಯ ವ್ಯತ್ಯಾಸ ತೆರೆದು ಅದರ ಕೊಂಡಿ ನಕಲು ಮಾಡಿ, ಜೊತೆಗೆ ಆ ಕನ್ನಡ ಸಾಲಿನ ಅರ್ಥ ಇಂಗ್ಲಿಷಿನಲ್ಲಿ ಎರಡು ಸಾಲು. ಅವರಿಗೆ ಕನ್ನಡ ಬರಬೇಕು ಅಂತೇನಿಲ್ಲ. ಆ ವ್ಯಕ್ತಿ ಎಷ್ಟು ಕೆಟ್ಟವರು ಅಂತ ಪುಟಗಟ್ಟಲೆ ಬರೆಯೋದು ಬೇಡ. ವಿಕಿಮೀಡಿಯದ ಸಾರ್ವತ್ರಿಕ ನೀತಿ ಸಂಹಿತೆಯಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಹೆಸರು, ಕೆಲಸದ ಜಾಗ, ವಿಳಾಸ ಹೊರಹಾಕೋದನ್ನ ಕಿರುಕುಳ ಅಂತಲೇ ಹೇಳಿದೆ. ಮಾಹಿತಿ ನಿಜವೇ ಆಗಿದ್ದರೂ ಅಷ್ಟೇ.

ಸಿಟ್ಟಿನಲ್ಲಿ 'ಈ ಸದಸ್ಯರಿಗೆ ಇಮೇಲ್ ಕಳುಹಿಸಿ' ಒತ್ತಿ ಆ ಸಾಲು ಬರೆದವರಿಗೆ ನೇರ ಬರೆಯಬೇಡಿ. ಹಾಗೆ ಕಳಿಸಿದರೆ ನಿಮ್ಮ ಇಮೇಲ್ ವಿಳಾಸವೂ ಅವರ ಕೈಗೆ ಹೋಗುತ್ತೆ.

ನಿಮ್ಮ ಕಟ್ಟಡ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಯ್ತು ಅಂತ ಕೇಳಿದಿರಲ್ಲ. ವಿಕಿಯ ಚಿತ್ರಭಂಡಾರವಾದ ಕಾಮನ್ಸ್‌ಗೆ ನೀವು ಹಾಕಿರೋ ಕೆರೆ ಚಿತ್ರದ ಪುಟ ತೆರೆದು ಕೆಳಗೆ ಮೆಟಾಡೇಟಾ ನೋಡಿ. ಫೋನಿನ ಮಾದರಿ, ತೆಗೆದ ಸಮಯ, ಅಕ್ಷಾಂಶ, ರೇಖಾಂಶ ಎಲ್ಲಾ ಇದೆ. ಆ ಅಂಕಿಗಳನ್ನ ಮ್ಯಾಪಿಗೆ ಹಾಕಿದರೆ ಗುರುತು ಬೀಳೋದು ಕೆರೆ ಮೇಲಲ್ಲ, ನೀವು ನಿಂತಿದ್ದ ಬಾಲ್ಕನಿ ಮೇಲೆ. ಚಿತ್ರ ಹಾಕೋಕೆ ಬಳಸೋ ಅಪ್‌ಲೋಡ್ ವಿಝಾರ್ಡ್ ಅದೇ ಅಂಕಿಗಳನ್ನ ಎತ್ತಿ ಚಿತ್ರದ ವಿವರಣೆಗೂ ಸೇರಿಸಿರುತ್ತೆ. ಮೆಟಾಡೇಟಾ ಅಳಿಸಿದ ಪ್ರತಿಯನ್ನ ಅದೇ ಹೆಸರಿಗೆ ಮತ್ತೆ ಹಾಕಿದರೆ ಮುಗೀತು ಅಂದ್ಕೋಬೇಡಿ, ಹಳೆಯ ಫೈಲು ಚಿತ್ರದ ಇತಿಹಾಸದಲ್ಲಿ ಕೂತಿರುತ್ತೆ. ಕಾಮನ್ಸ್‌ಗೆ ತನ್ನದೇ ಓವರ್‌ಸೈಟರ್‌ಗಳಿದ್ದಾರೆ, ಹಳೆಯ ಪ್ರತಿ ಮತ್ತು ಹಳೆಯ ವಿವರಣೆ ಎರಡನ್ನೂ ಅಡಗಿಸಿ ಅಂತ ಅವರಿಗೂ ಇಮೇಲ್ ಮಾಡಿ. ಇನ್ನು ಮುಂದೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಇರಲಿ. ಲಾಲ್‌ಬಾಗಿನ ಬಂಡೆ ಚಿತ್ರಕ್ಕೆ ಅದು ಇದ್ದರೆ ಒಳ್ಳೇದೇ, ಮನೆ ಕಿಟಕಿಯಿಂದ ತೆಗೆದದ್ದಕ್ಕೆ ಬೇಡ.

ಸದಸ್ಯನಾಮ ಬದಲಾಯಿಸೋ ಯೋಚನೆ ಇದ್ದರೆ ಕೋರಿಕೆ ಹಾಕಬಹುದು. ಆದರೆ ಚರ್ಚೆಗಳಲ್ಲಿ ಹಾಕಿದ ಹಳೆಯ ಸಹಿ ಹಾಗೇ ಇರುತ್ತೆ, ಹೆಸರು ಬದಲಾದ ದಾಖಲೆಯೂ ಬಹಿರಂಗ. ನನ್ನ ಕೇಳಿದರೆ ಅಷ್ಟು ಪ್ರಯೋಜನ ಇಲ್ಲ.

ಇದೆಲ್ಲಾ ಅತಿಯಾಯ್ತು ಅಂತ ಗುಂಪಿನಲ್ಲಿ ಒಬ್ಬರು ಅಂದಿದ್ದಾರೆ. ಹಾಗೇನಿಲ್ಲ. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ವಿಕಿಮೀಡಿಯ ಫೌಂಡೇಶನ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿದಾಗ, ತನ್ನ ಬಗ್ಗೆ ಇದ್ದ ಲೇಖನ ತಿದ್ದಿದವರ ವಿವರ ಕೊಡಿ ಅನ್ನೋದೇ ದೊಡ್ಡ ಜಗ್ಗಾಟವಾಯ್ತು. ಆ ಮೊಕದ್ದಮೆ ಬಗ್ಗೆ ಇದ್ದ ಇಂಗ್ಲಿಷ್ ಪುಟವನ್ನೂ ಹೈಕೋರ್ಟ್ ಆದೇಶದಿಂದ ತೆಗೆಯಬೇಕಾಯ್ತು, ಆ ಆದೇಶವನ್ನ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಖಾತೆಯ ಐಪಿಯಂಥ ತಾಂತ್ರಿಕ ವಿವರ ವಿಕಿಯವರ ಬಳಿ 90 ದಿನ ಇರುತ್ತೆ. ನಾವೇ ಪುಟದಲ್ಲಿ ಬರೆದಿಟ್ಟದ್ದಕ್ಕೆ ಅಂಥ ಗಡುವಿಲ್ಲ.

ಈಗ ಲೇಖನದ ವಿಷಯ. ಬೇಜಾರು ಮಾಡ್ಕೋಬೇಡಿ, ಅಲ್ಲಿ ಅಳಿಸಿದವರು ಹೇಳಿದ್ದೇ ಸರಿ. ಕೆರೆಯನ್ನ ಕೆಂಪೇಗೌಡರ ಕಾಲದಲ್ಲಿ ಕಟ್ಟಿಸಿದ್ದು ಅನ್ನೋದಕ್ಕೆ ನೀವು ಕೊಟ್ಟಿರೋ ಆಧಾರ ಸಮಿತಿಯವರು ದಂಡೆ ಮೇಲೆ ನೆಟ್ಟ ಬೋರ್ಡಿನ ಫೋಟೊ. ಬೆಂಗಳೂರಿನಲ್ಲಿ ಕಂಡ ಕೆರೆಗೆಲ್ಲಾ ಕೆಂಪೇಗೌಡರ ಹೆಸರು ಹೇಳೋದು ರೂಢಿಯಾಗಿಬಿಟ್ಟಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಅಡಿಯಲ್ಲಿ ಹೋದ ಧರ್ಮಾಂಬುಧಿ ಕೆರೆಗೆ ಮುದ್ರಿತ ಆಧಾರ ಸಿಗುತ್ತೆ, ಬಡಾವಣೆ ಕೆರೆಗೆ ಹುಡುಕಬೇಕು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಪೂರ್ತಿ ಬೆಂಗಳೂರು ಜಿಲ್ಲೆಯ ಶಾಸನಗಳದ್ದು, 1905ರದ್ದು, ಆನ್‌ಲೈನಲ್ಲೇ ಓದಬಹುದು. ನಿಮ್ಮ ಹಳೆಯ ಗ್ರಾಮದ ಹೆಸರು ಅಲ್ಲಿ ಹುಡುಕಿ. ಗೆಜೆಟಿಯರ್ ನೋಡಿ. ಸಿಗದಿದ್ದರೆ ಆ ವಾಕ್ಯ ಬಿಟ್ಟು, ಇಂದಿನ ಸ್ಥಿತಿ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನ ಬರೆಯಿರಿ.

ಅವರ ತಿದ್ದುಪಡಿಯನ್ನ ಮತ್ತೆ ರದ್ದು ಮಾಡೋಕೆ ಮಾತ್ರ ಹೋಗಬೇಡಿ. ಇಂಗ್ಲಿಷ್ ವಿಕಿಯಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದರೆ ನಿರ್ಬಂಧ ಬೀಳಬಹುದು. ನಮ್ಮಲ್ಲಿ ಸಕ್ರಿಯರಾಗಿರೋರೇ ಕಡಿಮೆ, ಎರಡನೇ ಸಲಕ್ಕೇ ಹೆಸರು ಕೆಡುತ್ತೆ. ಲೇಖನದ ಚರ್ಚೆಪುಟದಲ್ಲಿ ಹೊಸ ವಾಕ್ಯ ಮತ್ತು ಆಧಾರ ಇಟ್ಟು ಒಂದು ವಾರ ಕಾಯಿರಿ. ನೀವು ನಿಜವಾಗಲೂ ಸಮಿತಿಯಲ್ಲಿದ್ದರೆ 'ಈ ವಿಷಯದಲ್ಲಿ ನನಗೆ ಹಿತಾಸಕ್ತಿ ಇದೆ, ಅದಕ್ಕೇ ನೇರ ತಿದ್ದುತ್ತಿಲ್ಲ' ಅಂತ ಒಂದು ಸಾಲು ಹಾಕಿ. ಯಾವ ಸಮಿತಿ, ಯಾವ ಫ್ಲ್ಯಾಟು ಹೇಳಬೇಕಿಲ್ಲ. ಆಗಲೂ ಉತ್ತರ ಬರದಿದ್ದರೆ ಲೇಖನದ ವಿಷಯ ಅಷ್ಟನ್ನೇ ಅರಳಿಕಟ್ಟೆಗೆ ತನ್ನಿ, ಮೂರನೆಯವರು ಯಾರಾದರೂ ನೋಡ್ತಾರೆ.

ಇನ್ನೊಂದು. ನಮ್ಮ ಊರಿನ ಸಂಪಾದನೋತ್ಸವಗಳಿಗೆ, ಅಂದರೆ ಒಟ್ಟಿಗೆ ಕೂತು ವಿಕಿ ಬರೆಯೋ ಕೂಟಗಳಿಗೆ, ಬರೋರು ಅದೇ ಹತ್ತಿಪ್ಪತ್ತು ಜನ, ನಿಮ್ಮ ಬರಹ ಅಳಿಸಿದವರೂ ಬರಬಹುದು. ಬ್ಯಾಡ್ಜಿನ ಮೇಲೆ ಸದಸ್ಯನಾಮ ಬರೆಯಲೇಬೇಕು ಅಂತೇನಿಲ್ಲ. ಗುಂಪು ಫೋಟೊ ತೆಗೆಯೋ ಮೊದಲೇ ನನ್ನದು ಬೇಡ ಅಂದುಬಿಡಿ. ಕಾಮನ್ಸ್‌ಗೆ ಹೋದ ಮೇಲೆ ತೆಗೆಸೋದು ಕಷ್ಟ.