ನೋಟಿಸಿಗೆ ಮುಂಚಿನ ಎರಡು ವಾರ

ಓದುಗರ ಪತ್ರದ ಸಾರ: "ಪೀಣ್ಯದಲ್ಲಿ ನಾನೂ ನನ್ನ ತಮ್ಮನೂ ಪಾಲುದಾರರಾಗಿ ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಬಿಡಿಭಾಗ ತಯಾರಿಸುವ ಘಟಕ) ನಡೆಸುತ್ತಿದ್ದೇವೆ. ಪುಣೆಯ ಕಂಪನಿಯೊಂದಕ್ಕೆ 23 ಬಿಲ್‌ಗಳಲ್ಲಿ ಕೊಟ್ಟ ಮಾಲಿಗೆ 42 ಲಕ್ಷ ರೂಪಾಯಿ ಬಾಕಿ ಇದೆ. ಮೊದಲ ಬಿಲ್ 2023ರ ಜೂನ್ 10ರದು, ಪರ್ಚೇಸ್ ಆರ್ಡರ್‌ನಲ್ಲಿ 60 ದಿನಗಳ ಕ್ರೆಡಿಟ್ ಇತ್ತು. ವ್ಯಾಪಾರದ ವ್ಯಾಜ್ಯಗಳನ್ನಷ್ಟೇ ನೋಡುವ, ಐದಾರು ವಕೀಲರ ಒಂದು ಸಣ್ಣ ಲಾ ಫರ್ಮ್‌ಗೆ ಹೋದೆವು. ಕಾಗದ ಓದುವುದಕ್ಕೇ ಫೀಸು ಕೇಳಿದ್ದಾರೆ, ಎರಡು ವಾರ ಬೇಕು ಎಂದಿದ್ದಾರೆ. ನಮ್ಮ ಹಳೆಯ ವಕೀಲರಾದರೆ ನಾಳೆಯೇ ನೋಟಿಸ್ ಕಳಿಸುತ್ತೇನೆ ಎನ್ನುತ್ತಾರೆ. ಓದುವುದಕ್ಕೂ ದುಡ್ಡೇ? ಇಂಥ ಫರ್ಮ್‌ಗಳು ಮಾಡುವ ಕೆಲಸವಾದರೂ ಏನು?"

ಸಂಪಾದಕರ ಉತ್ತರ:

ಆ ಎರಡು ವಾರ ಕೊಡಿ, ಫೀಸನ್ನೂ ಕೊಡಿ. ನಿಮ್ಮ ಕೇಸಿನ ಅರ್ಧಕ್ಕಿಂತ ಹೆಚ್ಚು ಭಾಗ ಗೆಲ್ಲುವುದು ಅಥವಾ ಸೋಲುವುದು ಆ ಹದಿನಾಲ್ಕು ದಿನಗಳಲ್ಲೇ. ಸಂಪಾದನೆಯ ಕಷ್ಟ ಅರಿಯದೆ ಹೇಳುವ ಮಾತಲ್ಲ ಇದು. 42 ಲಕ್ಷ ಸಿಕ್ಕಿಬಿದ್ದಿರುವಾಗ ಇನ್ನೊಂದು ಖರ್ಚು ಎಷ್ಟು ಭಾರ ಎಂಬುದು ನಮಗೆ ಗೊತ್ತು. ಆದರೂ ಹೇಳಬೇಕಾಗಿದೆ.

ಮೊದಲು ನೋಟಿಸಿನ ವಿಚಾರ. ಹಣ ವಸೂಲಿಯ ದಾವೆಗೆ ಲೀಗಲ್ ನೋಟಿಸ್ ಕಡ್ಡಾಯವೇ ಅಲ್ಲ. ಅದನ್ನು ಕಳಿಸಿದ್ದರಿಂದ ದಾವೆ ಹಾಕಲು ಇರುವ ಕಾಲಮಿತಿ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಅವಸರದಲ್ಲಿ ಬರೆದ ನೋಟಿಸ್‌ನಲ್ಲಿ ಬಾಕಿ 45 ಲಕ್ಷ ಎಂದಿದ್ದು ವಾದಪತ್ರದಲ್ಲಿ, ಅಂದರೆ ಕೋರ್ಟಿಗೆ ಸಲ್ಲಿಸುವ ದಾವೆಯ ಅರ್ಜಿಯಲ್ಲಿ, 42 ಲಕ್ಷ ಎಂದಾದರೆ, ಪಾಟೀಸವಾಲಿನಲ್ಲಿ ಎದುರು ವಕೀಲರು ನಿಮ್ಮನ್ನು ಅರ್ಧ ದಿನ ಆ ಮೂರು ಲಕ್ಷದ ಮೇಲೇ ನಿಲ್ಲಿಸುತ್ತಾರೆ.

ಹಾಗಾದರೆ ಓದುವಾಗ ನೋಡುವುದೇನು? ಎಲ್ಲಕ್ಕಿಂತ ಮುಂಚೆ, ದಾವೆ ಹಾಕುವ ಹಕ್ಕು ನಿಮಗಿದೆಯೇ ಎಂಬುದನ್ನು. ನಿಮ್ಮದು ಪಾಲುದಾರಿಕೆ ಸಂಸ್ಥೆ. ಅದು ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಣಿಯಾಗಿರಬೇಕು, ನೀವಿಬ್ಬರೂ ಪಾಲುದಾರರೆಂದು ಆ ರಿಜಿಸ್ಟರಿನಲ್ಲಿ ನಮೂದಾಗಿರಬೇಕು. ಇಲ್ಲವಾದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ದಾವೆಯನ್ನು ಬಾಗಿಲಲ್ಲೇ ತಡೆಯುತ್ತದೆ. ಜಿಎಸ್‌ಟಿ ನೋಂದಣಿ ಬೇರೆ, ಇದು ಬೇರೆ. ಎರಡೂ ಒಂದೇ ಎಂದುಕೊಂಡು ಎಷ್ಟೋ ವರ್ಷ ವ್ಯವಹಾರ ನಡೆಸಿದವರಿದ್ದಾರೆ.

ಎರಡನೆಯದು ತಾರೀಖಿನ ಪಟ್ಟಿ. ಇದೇ ಇಂಥ ಫರ್ಮ್‌ಗಳ ನಿಜವಾದ ಕಸುಬು. ಬಾಕಿ ಒಟ್ಟಿಗೆ 42 ಲಕ್ಷ ಎಂದು ನೀವು ನೋಡುತ್ತೀರಿ, ಕಾಲಮಿತಿ ಕಾಯ್ದೆ ಅದನ್ನು 23 ಬಿಲ್‌ಗಳಾಗಿ ನೋಡುತ್ತದೆ. ಕ್ರೆಡಿಟ್ ಅವಧಿ ಗೊತ್ತುಪಡಿಸಿದ್ದರೆ ಅದು ಮುಗಿದ ದಿನದಿಂದ 3 ವರ್ಷ. ಗೊತ್ತುಪಡಿಸದಿದ್ದರೆ ಮಾಲು ಕೊಟ್ಟ ದಿನದಿಂದಲೇ 3 ವರ್ಷ. ನಿಮ್ಮ ಮೊದಲ ಬಿಲ್‌ಗೆ 60 ದಿನ ಸೇರಿಸಿದರೆ 2023ರ ಆಗಸ್ಟ್ 9. ಅಲ್ಲಿಂದ 3 ವರ್ಷ ಎಂದರೆ 2026ರ ಆಗಸ್ಟ್ 9. ಅದು ಭಾನುವಾರ, ಸೋಮವಾರ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅಲ್ಲಿಯವರೆಗೆ ಎಳೆಯುವ ವಕೀಲರನ್ನು ನಂಬಬೇಡಿ. ಆ ಬಿಲ್‌ಗೆ 60 ದಿನದ ಕ್ರೆಡಿಟ್ ಕಾಗದದಲ್ಲಿ ಇಲ್ಲ, ಅದು ಬರೀ ಫೋನಿನ ಮಾತು ಎಂದು ತಿಳಿದುಬಂದರೆ ಲೆಕ್ಕವೇ ಎರಡು ತಿಂಗಳು ಹಿಂದಕ್ಕೆ ಸರಿಯುತ್ತದೆ.

ಬಾಕಿಯನ್ನು ಅವರು ಒಪ್ಪಿಕೊಂಡು ಸಹಿ ಮಾಡಿದ ಕಾಗದವಿದ್ದರೆ ಆ ದಿನದಿಂದ ಹೊಸದಾಗಿ 3 ವರ್ಷ ಶುರುವಾಗುತ್ತದೆ, ಆದರೆ ಆ ಸಹಿ ಹಳೆಯ ಅವಧಿ ಮುಗಿಯುವ ಮುಂಚೆಯೇ ಬಿದ್ದಿರಬೇಕು. ಪ್ರತಿ ಮಾರ್ಚ್ ಕೊನೆಗೆ ಆಡಿಟರ್ ಕಳಿಸುವ ಬ್ಯಾಲೆನ್ಸ್ ಕನ್ಫರ್ಮೇಷನ್ (ಬಾಕಿ ಇಷ್ಟಿದೆ ಎಂದು ಖಚಿತಪಡಿಸುವ ಪತ್ರ) ಇದಕ್ಕೇ ಅಷ್ಟು ಮುಖ್ಯ. ಪುಣೆಯವರ ಅಕೌಂಟ್ಸ್ ವಿಭಾಗದ ಸಹಿ, ಮೊಹರು ಇರುವ ಒಂದು ಹಾಳೆ ಸಿಕ್ಕರೂ ಸಾಕು. "ಮುಂದಿನ ವಾರ ಹಾಕ್ತೀವಿ ಸಾರ್" ಎಂಬ ವಾಟ್ಸ್ಯಾಪ್ ಸಂದೇಶವನ್ನೂ ಅಳಿಸಬೇಡಿ, ಆದರೆ ಕಾಲಮಿತಿಗೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಮೂರನೆಯದು, ಕೇಸು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ. ನಿಮ್ಮ ಬಿಲ್ಲಿನ ಕೆಳಗೆ 'ಬೆಂಗಳೂರು ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿದೆ' ಎಂದು ಅಚ್ಚಾಗಿರಬಹುದು. ಅವರ ಪರ್ಚೇಸ್ ಆರ್ಡರಿನ ಹಿಂಬದಿಯ ಸಣ್ಣಕ್ಷರದಲ್ಲಿ 'ಪುಣೆ ಮಾತ್ರ' ಎಂದಿರಬಹುದು, ಇಲ್ಲವೇ ಆರ್ಬಿಟ್ರೇಷನ್ ಷರತ್ತೇ (ವ್ಯಾಜ್ಯವನ್ನು ಕೋರ್ಟಿನ ಬದಲು ಖಾಸಗಿ ಪಂಚರ ಮುಂದೆ ಇಡಬೇಕೆಂಬ ಷರತ್ತು) ಇರಬಹುದು. ನೀವು ಸ್ಕ್ಯಾನ್ ಮಾಡಿ ಕಳಿಸಿದ್ದು ಮುಂಬದಿ ಮಾತ್ರವಾದರೆ, ವಕೀಲರು ಹಿಂಬದಿ ಕೇಳದಿದ್ದರೆ, ಒಂದು ವರ್ಷವಾದ ಮೇಲೆ ವಾದಪತ್ರ ವಾಪಸ್ ಬಂದು ಪುಣೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆರ್ಡರಿನ ಎಲ್ಲ ಪುಟ ಕೊಡಿ, ಖಾಲಿ ಕಂಡರೂ ಕೊಡಿ.

ಇಲ್ಲಿ ಇನ್ನೊಂದು ದಾರಿಯೂ ಇದೆ. ನೀವು ಅದರ ಬಗ್ಗೆ ಬರೆದಿಲ್ಲ, ಫರ್ಮ್‌ನವರು ಖಂಡಿತ ಕೇಳಬೇಕಾದ್ದು. ನಿಮ್ಮ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಯಾವ ದಿನದ್ದು? 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಕೊಡಲು ಖರೀದಿದಾರರಿಗೆ ಗರಿಷ್ಠ 45 ದಿನ. ಒಪ್ಪಂದದಲ್ಲಿ 60 ಎಂದಿದ್ದರೂ 45ಕ್ಕೇ ನಿಲ್ಲುತ್ತದೆ. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಂಥ ಬಾಕಿಯ ವ್ಯಾಜ್ಯಗಳಿಗೆಂದೇ ಈ ಕಾಯ್ದೆಯಡಿ ಇರುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಇಲ್ಲಿಂದಲೇ ಅರ್ಜಿ ಹಾಕಬಹುದು, ಖರೀದಿದಾರರು ಪುಣೆಯಲ್ಲಿದ್ದರೂ ಸರಿ. ಅಲ್ಲಿ ತೀರ್ಪು ನಿಮ್ಮ ಪರವಾದರೆ ಅದನ್ನು ಪ್ರಶ್ನಿಸಲು ಅವರು ಮೊದಲು 75% ಹಣ ಠೇವಣಿ ಇಡಬೇಕು. ಸಣ್ಣ ಘಟಕದ ಕೈಗೆ ಕಾನೂನು ಕೊಟ್ಟ ದೊಡ್ಡ ಬಲ ಇದು. ತೊಡಕು ಇರುವುದು ತಾರೀಖಿನಲ್ಲಿ: ನೋಂದಣಿಗೆ ಮುಂಚಿನ ಸರಬರಾಜಿಗೆ ಈ ಲಾಭವಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು, 2025ರಲ್ಲಿ ನೋಂದಣಿಯ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. 23 ಬಿಲ್‌ಗಳೂ ನೋಂದಣಿಯ ನಂತರದವಾದರೆ ನಾವು ಕೌನ್ಸಿಲ್ ಕಡೆಗೇ ವಾಲುತ್ತೇವೆ. ಕೆಲವು ಮುಂಚಿನವು, ಕೆಲವು ನಂತರದವು ಎಂದಾದರೆ ವ್ಯಾಪಾರದ ವ್ಯಾಜ್ಯಗಳಿಗೆಂದೇ ಇರುವ ಕಮರ್ಷಿಯಲ್ ಕೋರ್ಟೇ ನೇರ ದಾರಿ. ಯಾರಾದರೂ "ಎನ್‌ಸಿಎಲ್‌ಟಿಗೆ (ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿಗೆ) ಹಾಕಿ ಹೆದರಿಸೋಣ" ಎಂದರೆ ಕೇಳಬೇಡಿ. ದಿವಾಳಿ ಸಂಹಿತೆಯ ಮಿತಿ 2020ರಿಂದ 1 ಕೋಟಿ, ನಿಮ್ಮದು ಅದರ ಅರ್ಧವೂ ಇಲ್ಲ.

ಈಗ ಕೋರ್ಟಿನ ದಾರಿಯನ್ನೇ ಹಿಡಿದಿರಿ ಎಂದುಕೊಳ್ಳೋಣ. 2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಮೊದಲು 1 ಕೋಟಿ ಮತ್ತು ಮೇಲ್ಪಟ್ಟ ವ್ಯಾಜ್ಯಗಳಿಗಿತ್ತು, 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ಹಾಗಾಗಿ ನಿಮ್ಮದು ಅಲ್ಲಿಗೇ ಹೋಗುತ್ತದೆ. ಆದರೆ ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೀಡಿಯೇಷನ್ (ಮಧ್ಯಸ್ಥರ ಮುಂದೆ ರಾಜಿ ಮಾತುಕತೆ) ಕಡ್ಡಾಯ. 2022ರ ಪಾಟೀಲ್ ಆಟೋಮೇಷನ್ ತೀರ್ಪಿನ ನಂತರ ಇದನ್ನು ಬಿಟ್ಟು ಹಾಕಿದ ವಾದಪತ್ರ ತಿರಸ್ಕೃತವಾಗುತ್ತದೆ. ಹೆಸರಿಗೊಂದು ತಡೆಯಾಜ್ಞೆ ಅರ್ಜಿ ಅಂಟಿಸಿ ತಪ್ಪಿಸಿಕೊಳ್ಳುವ ಚಾಳಿಗೂ 2023ರ ಯಾಮಿನಿ ಮನೋಹರ್ ಪ್ರಕರಣದಲ್ಲಿ ಕಡಿವಾಣ ಬಿತ್ತು. ಅರ್ಜಿ ಶುಲ್ಕ 1,000 ರೂಪಾಯಿ. ಎದುರು ಪಕ್ಷ ಬಾರದಿದ್ದರೆ ಮಾತುಕತೆ ಶುರುವೇ ಆಗಲಿಲ್ಲ ಎಂಬ 'ನಾನ್ ಸ್ಟಾರ್ಟರ್' ವರದಿ ಕೊಡುತ್ತಾರೆ, ಅದನ್ನು ವಾದಪತ್ರದ ಜೊತೆ ಲಗತ್ತಿಸಬೇಕು. ಬಂದರೆ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. ಈ ಅವಧಿ ಕಾಲಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಆದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನ ಬಲವಿದೆ. ಮೀಡಿಯೇಷನ್ನನ್ನು ಬರೀ ವಿಧಿ ಎಂದು ಮುಗಿಸುವ ಫರ್ಮ್ ಒಳ್ಳೆಯದಲ್ಲ. 42 ಲಕ್ಷಕ್ಕೆ ಕೋರ್ಟ್ ಫೀಸೇ ಕರ್ನಾಟಕದಲ್ಲಿ ಒಂದು ಲಕ್ಷ ದಾಟುತ್ತದೆ. ಎಷ್ಟಕ್ಕೆ, ಎಷ್ಟು ಕಂತಿಗೆ ಒಪ್ಪುತ್ತೀರಿ ಎಂಬುದನ್ನು ಮೊದಲೇ ಕೂತು ನಿಮ್ಮೊಂದಿಗೆ ಲೆಕ್ಕ ಹಾಕುವವರು ನಿಮಗೆ ಬೇಕು.

ವಾದಪತ್ರ ಹಾಕುವ ದಿನವೇ ವ್ಯವಹಾರಕ್ಕೆ ಸಂಬಂಧಿಸಿದ, ನಿಮ್ಮ ಬಳಿಯಿರುವ ಎಲ್ಲ ದಾಖಲೆಗಳ ಪಟ್ಟಿ ಮತ್ತು ಪ್ರತಿಗಳನ್ನು ಕೊಡಬೇಕು. ಬೇರೆ ಯಾವುದೂ ನನ್ನ ಬಳಿ ಇಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕುವವರು ನೀವು, ವಕೀಲರಲ್ಲ. ಮಾಮೂಲಿ ಸಿವಿಲ್ ಕೋರ್ಟಿನ ಹಾಗೆ "ಆಮೇಲೆ ಹಾಜರುಪಡಿಸುತ್ತೇವೆ" ಎನ್ನುವುದು ಇಲ್ಲಿ ನಡೆಯುವುದಿಲ್ಲ. ಬಿಟ್ಟುಹೋದದ್ದಕ್ಕೆ ಸಮಂಜಸ ಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಬಡ್ಡಿ ಕೇಳುವುದಾದರೆ ಯಾವ ಆಧಾರದ ಮೇಲೆ, ಯಾವ ದರ, ಎಂದಿನಿಂದ ಎಂದಿನವರೆಗೆ, ಮೊತ್ತ ಎಷ್ಟು ಎಂದು ವಾದಪತ್ರದಲ್ಲೇ ಬರೆಯಬೇಕು.

ಆದ್ದರಿಂದ ಆ ಎರಡು ವಾರದಲ್ಲಿ ಜೂನಿಯರ್ ವಕೀಲರೊಬ್ಬರು ಪ್ರತಿ ಬಿಲ್‌ಗೂ ಒಂದು ಸಾಲು ಹಾಕಿ ಎದುರಿಗೆ ಆರ್ಡರ್ ನಂಬರ್, ಡೆಲಿವರಿ ಚಲನ್, ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ), ಅವರ ಸ್ಟೋರ್ಸ್ ಕೊಟ್ಟ ಜಿಆರ್‌ಎನ್ (ಮಾಲು ತಲುಪಿದ ರಸೀದಿ), ಬಂದ ಹಣ, ಡೆಬಿಟ್ ನೋಟ್ (ಬಿಲ್ಲಿನಲ್ಲಿ ಇಷ್ಟು ಕಡಿತ ಎಂದು ಖರೀದಿದಾರರು ಕಳಿಸುವ ಚೀಟಿ) ಇವನ್ನೆಲ್ಲ ತುಂಬುತ್ತಾ ಕೂತಿರುತ್ತಾರೆ. ಯಾವ ಮನೆ ಖಾಲಿ ಉಳಿಯಿತೋ ಅಲ್ಲಿ ಎದುರು ಪಕ್ಷ ಕೈ ಹಾಕುತ್ತದೆ. ಜಿಆರ್‌ಎನ್ ಇಲ್ಲದ ಬಿಲ್‌ಗೆ ಚಲನ್ ಮೇಲಿನ ಗೇಟ್ ಸೀಲು ಹುಡುಕುತ್ತಾರೆ, ಅದೂ ಇಲ್ಲದಿದ್ದರೆ ಆ ಬಿಲ್ ಮೇಲೆ ಅವರು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆಯುವ ಸೌಲಭ್ಯ) ತೆಗೆದುಕೊಂಡಿದ್ದಾರೆಯೇ ಎಂಬುದನ್ನು ಹಿಡಿಯುತ್ತಾರೆ. ಮಾಲು ಬಂದೇ ಇಲ್ಲ ಎನ್ನುವವರು ಅದರ ತೆರಿಗೆ ಲಾಭ ಪಡೆದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟ.

ಡೆಬಿಟ್ ನೋಟ್ ಇದ್ದರೆ ಮುಚ್ಚಿಡಬೇಡಿ. ರಿಜೆಕ್ಷನ್ (ಮಾಲು ಸರಿಯಿಲ್ಲ) ಎಂದು ಅವರು ಕಡಿತ ಮಾಡಿದ್ದರೆ ಅದು ಹೇಗೂ ಕೋರ್ಟಿಗೆ ಬರುತ್ತದೆ, ಅವರ ಕೈಯಿಂದ ಬಂದರೆ ನಿಮ್ಮ ಪ್ರಮಾಣವೇ ಸುಳ್ಳಾಗುತ್ತದೆ. ನೀವೇ ತೋರಿಸಿದರೆ ಉತ್ತರಿಸಲು ದಾರಿಯಿದೆ: ಮಾಲನ್ನು ನ್ಯಾಯವಾದ ಸಮಯದೊಳಗೆ ನಿರಾಕರಿಸದೆ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಎಂದು ಸರಕು ಮಾರಾಟ ಕಾಯ್ದೆ ಹೇಳುತ್ತದೆ. ಏಳು ತಿಂಗಳು ಬಿಟ್ಟು, ನೀವು ಹಣ ಕೇಳಿದ ಮೇಲೆ ಹುಟ್ಟಿದ ಡೆಬಿಟ್ ನೋಟ್ ನಿಮಗೇ ಸಾಕ್ಷಿಯಾಗಬಲ್ಲದು.

ಇ-ಮೇಲ್, ವಾಟ್ಸ್ಯಾಪ್‌ಗಳ ಪ್ರಿಂಟೌಟ್ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎರಡು ಭಾಗದ ಸರ್ಟಿಫಿಕೇಟ್ ಬೇಕು, ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಎಂದು ತೋರಿಸುವ ಬೆರಳಚ್ಚಿನಂಥ ಸಂಕೇತ. ಆ ಸಂದೇಶಗಳಿರುವ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಮುಂದಿನದು ಗಡುವುಗಳ ಓಟ. ಸಮನ್ಸ್ ತಲುಪಿದ ಮೇಲೆ ಪ್ರತಿವಾದಿಗೆ ಉತ್ತರ ಸಲ್ಲಿಸಲು 30 ದಿನ, ಕೋರ್ಟ್ ವಿಸ್ತರಿಸಿದರೂ ಒಟ್ಟು 120. ಅದು ಮೀರಿದರೆ ಹಕ್ಕೇ ಹೋಗುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಹಾಗಾಗಿ ಸಮನ್ಸ್ ತಲುಪಿದ ದಿನದ ದಾಖಲೆಯನ್ನು ಹಿಂದೆ ಬಿದ್ದು ಪಡೆಯುವ ಗುಮಾಸ್ತರು ಫರ್ಮ್‌ನಲ್ಲಿದ್ದಾರೆಯೇ ನೋಡಿ. ಬಾಕಿ ಒಪ್ಪಿದ ಸ್ಪಷ್ಟ ಕಾಗದವಿದ್ದರೆ ವಿವಾದಾಂಶ ರಚನೆಗೆ (ತೀರ್ಮಾನವಾಗಬೇಕಾದ ಪ್ರಶ್ನೆಗಳನ್ನು ಕೋರ್ಟ್ ಗೊತ್ತುಮಾಡುವ ಹಂತಕ್ಕೆ) ಮುಂಚೆಯೇ ಸಮ್ಮರಿ ಜಡ್ಜ್‌ಮೆಂಟ್ ಕೇಳಬಹುದು. ಸಾಕ್ಷಿ ವಿಚಾರಣೆಯಿಲ್ಲದೆ ತೀರ್ಪು ಸಿಗುವ ದಾರಿ ಅದು. ಇಲ್ಲವಾದರೆ ಕೇಸ್ ಮ್ಯಾನೇಜ್‌ಮೆಂಟ್ ವಿಚಾರಣೆಯಲ್ಲಿ ಎಲ್ಲದಕ್ಕೂ ದಿನ ಗೊತ್ತುಮಾಡುತ್ತಾರೆ. ಮೊದಲ ಅಂಥ ವಿಚಾರಣೆಯಿಂದ 6 ತಿಂಗಳೊಳಗೆ ವಾದ ಮುಗಿಯಬೇಕು, ವಾದ ಮುಗಿದ 90 ದಿನದೊಳಗೆ ತೀರ್ಪು ಬರಬೇಕು ಎಂದು ಕಾನೂನು ಹೇಳುತ್ತದೆ. ನಡೆಯುವಾಗ ಹೆಚ್ಚು ಹಿಡಿಯುತ್ತದೆ, ಆದರೆ ವಾಯಿದೆಯ ಮೇಲೆ ವಾಯಿದೆ ಕೇಳುವವರಿಗೆ ಇಲ್ಲಿ ಖರ್ಚು ಹೇರುವುದುಂಟು.

ಫೀಸಿನ ಬಗ್ಗೆ: ವಸೂಲಾದ ಹಣದಲ್ಲಿ ಇಷ್ಟು ಪಾಲು ಎಂದು ಭಾರತದಲ್ಲಿ ವಕೀಲರು ಮಾತಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಹಾಗೆ ಕೇಳಿದವರಿಂದ ದೂರವಿರಿ. ಓದಿ ಅಭಿಪ್ರಾಯ ಕೊಡಲು ಇಷ್ಟು, ಮೀಡಿಯೇಷನ್‌ಗೆ ಇಷ್ಟು, ವಾದಪತ್ರಕ್ಕೆ, ಸಾಕ್ಷಿ ವಿಚಾರಣೆಗೆ, ಅಂತಿಮ ವಾದಕ್ಕೆ ಇಷ್ಟು ಎಂದು ಹಂತಹಂತವಾಗಿ ಬರೆದು ಕೊಡಲು ಕೇಳಿ. ಪಾಟೀಸವಾಲು ಯಾರು ಮಾಡುತ್ತಾರೆ, ಹೊರಗಿನ ಹಿರಿಯ ವಕೀಲರನ್ನು ಕರೆದರೆ ಅದರ ಫೀಸು ಯಾರದು, ಇದೂ ಕಾಗದದ ಮೇಲಿರಲಿ. ಓದಿದ ಫೀಸಿಗೆ ನಿಮ್ಮ ಕೈಗೆ ಒಂದು ಲಿಖಿತ ಅಭಿಪ್ರಾಯ ಬರಬೇಕು: ತಾರೀಖಿನ ಪಟ್ಟಿ, ದುರ್ಬಲ ಬಿಲ್‌ಗಳು ಯಾವುವು, ಯಾವ ದಾರಿ, ಅಂದಾಜು ಖರ್ಚು. ಮುಂದೆ ಅವರಲ್ಲೇ ಕೇಸು ಕೊಡದಿದ್ದರೂ ಆ ಕಾಗದ ನಿಮ್ಮದು. ಅದನ್ನು ಕೊಡಲು ಒಪ್ಪದಿದ್ದರೆ ನಿಮ್ಮ ಸಂಶಯ ಸರಿಯೇ.

ನಿಮ್ಮ ಹಳೆಯ ವಕೀಲರನ್ನು ಕಳೆದುಕೊಳ್ಳಬೇಕಾಗಿಲ್ಲ. ಜಮೀನು, ಬಾಡಿಗೆ ವಿಷಯಗಳಿಗೆ ಅವರೇ ಇರಲಿ. ಈ ಕೋರ್ಟಿನ ಗಡುವುಗಳು ಬೇರೆ ರೀತಿಯವಾದ್ದರಿಂದ ಇದರಲ್ಲೇ ದಿನನಿತ್ಯ ಇರುವವರು ಬೇಕು, ಅಷ್ಟೇ.

ಕೊನೆಯದಾಗಿ ನೀವೇ ಇಂದು ಮಾಡಬಹುದಾದದ್ದು ಒಂದಿದೆ. ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ಆಜ್ಞೆ) ಸಿಕ್ಕ ಮೇಲೆ ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಎಂಬ ಇನ್ನೊಂದು ಸುತ್ತು ಇದೆ, ಅಲ್ಲಿ ಏನನ್ನು ಜಪ್ತಿ ಮಾಡಬೇಕು ಎಂದು ಹೇಳಬೇಕಾದವರು ನೀವು. ಅವರು ಹಿಂದೆ ಕೊಟ್ಟ ಚೆಕ್‌ಗಳ ಪ್ರತಿ, ಹಣ ಬಂದ ಬ್ಯಾಂಕ್ ಖಾತೆಯ ವಿವರ, ಫ್ಯಾಕ್ಟರಿಯ ವಿಳಾಸ, ಅವರು ಮಾಲು ಕೊಡುತ್ತಿರುವ ದೊಡ್ಡ ಗಿರಾಕಿಗಳ ಹೆಸರು, ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ, ಬಿಲ್‌ಗಳ ಜೊತೆಗೇ ಫರ್ಮ್‌ಗೆ ಕೊಡಿ.