ಇಲ್ಲಿ ಒಂದೇ ಸಲ ಕರೆಯುತ್ತಾರೆ

"ಅಣ್ಣ, ಮುಂದಿನ ತಿಂಗಳು ಇಂಗ್ಲೆಂಡಿಗೆ, ನೀವಿರೋ ಮೇಡನ್‌ಹೆಡ್‌ಗೆ ಬರ್ತಿದೀವಿ. ಮನೆ, ಸ್ಕೂಲು, ಚಳಿ ಎಲ್ಲ ಹೇಗೆ? ಅಲ್ಲಿಯವರು ನಮ್ಮ ಜೊತೆ ಬೆರೀತಾರಾ?" ಅಂತ ಕೇಳಿದ್ದೀರಿ. ನೀವು ತಿಪಟೂರು, ನಾನು ಅರಸೀಕೆರೆ. ಪಕ್ಕದೂರಿನವರಿಗೆ ಉತ್ತರ ಕೊಡದೆ ಇರೋಕಾಗುತ್ತಾ?

ಬಾಡಿಗೆ ಜಾಸ್ತಿ. ಸ್ಟೇಷನ್‌ನಿಂದ ದೂರ ಹೋದರೆ ಸ್ವಲ್ಪ ವಾಸಿ. ಸ್ಕೂಲಿಗೆ ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ನಗರಾಡಳಿತದಲ್ಲಿ, ಅರ್ಜಿ ಹಾಕಿ. ಚಳಿ ಅಭ್ಯಾಸ ಆಗುತ್ತೆ. ನಮ್ಮ ಅಡುಗೆ ಸಾಮಾನಿಗೆ ಪಕ್ಕದಲ್ಲೇ ಸ್ಲೌ ಪಟ್ಟಣ ಇದೆ, ಚಿಂತೆ ಬೇಡ. ಕೊನೆಯ ಪ್ರಶ್ನೆಗೆ ಮಾತ್ರ ಒಂದು ಕಥೆ ಹೇಳಬೇಕು.

ನಾನು ಬಂದದ್ದು 2010ರ ನವೆಂಬರ್‌ನಲ್ಲಿ. ಸಂಜೆ ನಾಲ್ಕೂವರೆಗೇ ಕತ್ತಲು. ಎರಡನೇ ವಾರ ಪಕ್ಕದ ಮನೆ ತಾತ ಬೇಲಿಯಾಚೆಯಿಂದ ಕೇಳಿದರು, ಶನಿವಾರ ನಮ್ಮೂರ ತಂಡದ ಫುಟ್‌ಬಾಲ್ ಮ್ಯಾಚ್ ಇದೆ, ಬರ್ತೀಯಾ ಅಂತ. "ನೋಡೋಣ" ಅಂದೆ. ನಮ್ಮ ಕಡೆ ಮೊದಲ ಸಲ ಕರೆದ ಕೂಡಲೇ ಯಾರು ಎದ್ದು ಹೊರಡುತ್ತಾರೆ ಹೇಳಿ? ಅಯ್ಯೋ ಬೇಡ ಬಿಡಿ ಅನ್ನಬೇಕು, ಅವರು ಕೈ ಹಿಡಿದು ಎಳೆಯಬೇಕು, ಆಮೇಲೆ ತಾನೆ ಎಲೆ ಮುಂದೆ ಕೂರೋದು. ತಾತ ಮತ್ತೆ ಕರೆಯಲಿಲ್ಲ. ಸಿಕ್ಕಾಗ ನಗುತ್ತಿದ್ದರು, ಮಳೆ ವಿಷಯ ಮಾತಾಡುತ್ತಿದ್ದರು, ನಾವಿಲ್ಲದಾಗ ಬಂದ ಪಾರ್ಸೆಲ್ ತೆಗೆದಿಡುತ್ತಿದ್ದರು. ಮ್ಯಾಚ್ ಮಾತು ಮಾತ್ರ ಎತ್ತಲಿಲ್ಲ. "ಇವರದ್ದೆಲ್ಲ ಬರೀ ಬಾಯುಪಚಾರ" ಅಂತ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ಆ ಮೈದಾನದ ಪಕ್ಕ ಆರು ವರ್ಷ ಓಡಾಡಿದೆ. ಯಾರ್ಕ್ ರೋಡ್ ಅಂತ, ಸ್ಟೇಷನ್ ಹತ್ತಿರವೇ. ನಮ್ಮೂರ ತಂಡ ಮೇಡನ್‌ಹೆಡ್ ಯುನೈಟೆಡ್ 1871ರಿಂದ ಅಲ್ಲೇ ಆಡುತ್ತಿದೆ. ಒಂದೇ ಕ್ಲಬ್ ಬಿಡದೆ ಆಡಿಕೊಂಡು ಬಂದ ಮೈದಾನಗಳಲ್ಲಿ ಜಗತ್ತಿಗೇ ಹಳೆಯದು. ಆಫೀಸಿನಲ್ಲಿ ಕೂತು ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದವನಿಗೆ ಇದು ಗೊತ್ತೇ ಇರಲಿಲ್ಲ.

2017ರಲ್ಲಿ ತಂಡ ನ್ಯಾಷನಲ್ ಲೀಗ್ ಸೌತ್ ಅನ್ನೋ ಆರನೇ ಹಂತದ ಲೀಗ್ ಗೆದ್ದು ಇಂಗ್ಲಿಷ್ ಫುಟ್‌ಬಾಲ್‌ನ ಐದನೇ ಹಂತಕ್ಕೆ ಏರಿತು. ಆಗ ಹೋದೆ. ಟೀ ಕಪ್ ಹಿಡಿದು ಕಂಬಿಗೆ ಒರಗಿ ನಿಂತರೆ ಗೋಲ್‌ಕೀಪರ್ ಬೈಯೋದೆಲ್ಲ ಕಿವಿಗೆ ಬೀಳುತ್ತಿತ್ತು. ಪಕ್ಕದಲ್ಲಿ ರೈಲು ಹೋದಾಗ ಒಂದು ಗಳಿಗೆ ಅರಸೀಕೆರೆ. ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುತ್ತಿದ್ದ ಹುಡುಗರ ಲೋಕ ಆಗ ಅದು. ಆಗಿನ ಮ್ಯಾನೇಜರ್ ಅಲನ್ ಡೆವನ್‌ಶೈರ್, ಇಂಗ್ಲೆಂಡ್ ಪರ 8 ಪಂದ್ಯ ಆಡಿದವರು, ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ ಜೊತೆ 1980ರಲ್ಲಿ ಇಲ್ಲಿನ ದೊಡ್ಡ ಟೂರ್ನಿ ಎಫ್‌ಎ ಕಪ್ ಗೆದ್ದವರು. ಅದಕ್ಕೆ ಮುಂಚೆ ಹೂವರ್ ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸಿಕೊಂಡು ಸೌತಾಲ್ ಕ್ಲಬ್‌ಗೆ ಆಡುತ್ತಿದ್ದರಂತೆ. ಹೌದು, ನಾವು ಸೀರೆ ತರೋಕೆ ಹೋಗುವ, ಲಂಡನ್ನಿನ ಅದೇ ಸೌತಾಲ್.

ತಾತ ಅಷ್ಟರಲ್ಲಿ ಮನೆ ಮಾರಿ ದೂರದ ಮಗಳ ಮನೆ ಸೇರಿದ್ದರು. ತಂಡ ಗೆದ್ದಿದ್ದನ್ನು ಅವರು ಮೈದಾನದಲ್ಲಿ ನೋಡಲಿಲ್ಲ. ಅವರ ಗೆಳೆಯರೊಬ್ಬರು ಗೇಟಿನ ಹತ್ತಿರ ಸಿಕ್ಕರು. ನಮ್ಮ ರಸ್ತೆ ಹೆಸರು ಹೇಳಿದ್ದೇ ತಡ, "ಓ, ಆ ಪಕ್ಕದ ಮನೆಯವನು ನೀನೇನಾ? ನಿನಗೆ ಫುಟ್‌ಬಾಲ್ ಅಂದ್ರೆ ಆಗಲ್ಲ ಅಂತಿದ್ದ" ಅಂದರು. ತಾತನ ಲೆಕ್ಕದಲ್ಲಿ ಬೇಡ ಅಂದವನು ನಾನೇ ಅಲ್ವಾ. ಪಾಪ, ಬಲವಂತ ಮಾಡಬಾರದು ಅಂತ ಸುಮ್ಮನಾಗಿದ್ದಾರೆ.

2025ರಲ್ಲಿ ತಂಡ ಮತ್ತೆ ಆರನೇ ಹಂತಕ್ಕೆ ಇಳಿಯಿತು. ಆದರೂ ಹೋಗುತ್ತೇನೆ. ಕಾಲಿಗೆ ಎರಡು ಜೊತೆ ಸಾಕ್ಸ್ ಹಾಕಿದರೂ ಕಾಂಕ್ರೀಟಿನ ಚಳಿ ಅಂಗಾಲಿನಿಂದಲೇ ಏರುತ್ತೆ. ನೀವು ಬಂದ ಮೇಲೆ ತಂಡ ಇಲ್ಲಿ ಆಡುವ ಮೊದಲ ಶನಿವಾರ ಎರಡೂವರೆಗೆ ಗೇಟಿನಲ್ಲಿ ಕಾಯುತ್ತಿರುತ್ತೇನೆ, ಮಗನನ್ನೂ ಕರೆದುಕೊಂಡು ಬನ್ನಿ. ಬರದಿದ್ದರೆ ಇನ್ನೆರಡು ಸಲ ಕರೆಯುತ್ತೇನೆ ಬಿಡಿ, ನಾನಿನ್ನೂ ಅರಸೀಕೆರೆಯವನೇ.