ಯಕ್ಷಗಾನ ನೋಡಿ ಬೆಳೆದ ಕಾಸರಗೋಡಿನವರಿಗೆ ಪರದೆಯ ಮೇಲೆ ನೋಡಬಹುದಾದ ಒಪೆರಾ (ಹಾಡಿನಲ್ಲೇ ಕಥೆ ನಡೆಯುವ ಪಾಶ್ಚಾತ್ಯ ರಂಗನಾಟಕ) ಯಾವುದು?

ಸಿನಿಮಾ ನಿರ್ದೇಶಕ ಬರ್ಗ್‌ಮನ್ 1975ರಲ್ಲಿ ಸ್ವೀಡನ್ನಿನ ಟಿವಿಗಾಗಿ ತೆಗೆದ ಮೊಜಾರ್ಟನ ‘ದಿ ಮ್ಯಾಜಿಕ್ ಫ್ಲೂಟ್’ನಿಂದ ಶುರು ಮಾಡಿ. ಮೊದಲ ಸಂಗೀತ ನುಡಿಯುವಾಗ ಕ್ಯಾಮೆರಾ ಪ್ರೇಕ್ಷಕರ ಮುಖಗಳನ್ನೇ ತೋರಿಸುತ್ತಾ ಹೋಗುತ್ತದೆ, ಒಬ್ಬ ಪುಟ್ಟ ಹುಡುಗಿಯ ಮುಖಕ್ಕೆ ಮತ್ತೆ ಮತ್ತೆ ಬರುತ್ತದೆ. ಮಧ್ಯಂತರದಲ್ಲಿ ಚೌಕಿಯೊಳಗೂ (ಬಣ್ಣದ ಮನೆ) ಇಣುಕುತ್ತದೆ. ಅಲ್ಲಿ ‘ರಾತ್ರಿಯ ರಾಣಿ’ಯ ಪಾತ್ರಧಾರಿ, ‘ಧೂಮಪಾನ ನಿಷೇಧ’ ಫಲಕದ ಕೆಳಗೇ ಆರಾಮಾಗಿ ಸಿಗರೇಟು ಸೇದುತ್ತಿರುತ್ತಾಳೆ! ಹಾಡು ಸ್ವೀಡಿಷ್‌ನಲ್ಲಿದೆ, ಮೂಲ ಜರ್ಮನ್. ನಮಗೆ ಎರಡೂ ಒಂದೇ ಅಲ್ವಾ, ಸಬ್‌ಟೈಟಲ್ ಹಾಕಿಕೊಳ್ಳಿ.

ರಂಗಸ್ಥಳ ಬಿಟ್ಟು ಬಯಲಿಗೆ ಬರಬೇಕೆಂದರೆ ಇಟಲಿಯ ನಿರ್ದೇಶಕ ರೋಸಿ ತೆಗೆದ, ಬಿಜೆಯ ಒಪೆರಾ ‘ಕಾರ್ಮೆನ್’ (1984). ಸ್ಪೇನಿನ ಬಿಸಿಲು, ಧೂಳು, ಗೂಳಿಕಾಳಗ ಎಲ್ಲ ನಿಜವಾದದ್ದೇ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ಆಮೇಲೆ ತುಟಿ ಆಡಿಸಿದ್ದಾರೆ. ಅದು ಕೆಲವರಿಗೆ ಹಿಡಿಸುವುದಿಲ್ಲ.

ಅಂಥವರು ರಂಗದ ಮೇಲೆ ಹಾಡಿದ್ದನ್ನೇ ಚಿತ್ರೀಕರಿಸಿದ, ಜರ್ಮನ್ ಸಂಗೀತಗಾರ ವ್ಯಾಗ್ನರನ ‘ರಿಂಗ್’ ನೋಡಲಿ. 1976ರಲ್ಲಿ ಫ್ರೆಂಚ್ ನಿರ್ದೇಶಕ ಶೆರೋ ಜರ್ಮನಿಯ ಬೈರಾಯ್ಟ್‌ನಲ್ಲಿ ಆಡಿಸಿದ್ದು, ಚಿತ್ರೀಕರಣ ಆಮೇಲೆ ಆಯಿತು. ರೈನ್ ನದಿಯ ಜಾಗದಲ್ಲಿ ಅಣೆಕಟ್ಟು ನಿಲ್ಲಿಸಿದ್ದಕ್ಕೆ ಆಗ ದೊಡ್ಡ ಗಲಾಟೆಯೇ ಆಗಿತ್ತು. ನಾಲ್ಕು ಭಾಗ, ಒಟ್ಟು ಸುಮಾರು 14 ಗಂಟೆ. ಬೆಳಗಾಗುವ ತನಕ ಮೇಳದ ಆಟ ನೋಡಿದ ಕುಂಬಳೆ ಕಡೆಯವರಿಗೆ ಇದೇನೂ ಜಾಸ್ತಿಯಲ್ಲ. ಪ್ರಸಂಗ ಗೊತ್ತಿದ್ದರೇ ಆಟ ರುಚಿಸುವುದು, ಹಾಗಾಗಿ ಕಥೆಯನ್ನು ಮೊದಲೇ ಓದಿಕೊಳ್ಳಿ.